ರಾಗಿ ಹೊಲದಲ್ಲಿ ಅಕ್ಕಡಿ ಸಾಲುಗಳು

ಕೋಲಾರ, ತುಮಕೂರು, ಬೆಂಗಳೂರು, ಮಂಡ್ಯ ಮೊದಲಾದ ಜಿಲ್ಲೆಗಳ ಖುಷ್ಕಿ ಜಮೀನಿನಲ್ಲಿ ರಾಗಿಯೇ ಮುಖ್ಯವಾದ ಪೈರು. ಆದರೆ ಹಿಂದಿನ ರೈತರು ರಾಗಿಯೊಂದನ್ನೇ ನೆಚ್ಚಿರಲಿಲ್ಲ. ಕೂರಿಗೆಯಿಂದ ರಾಗಿ ಬಿತ್ತುವಾಗ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಹರಳು, ಜೋಳ ಇವುಗಳ ಸಾಲುಗಳನ್ನು ಹಾಕುತ್ತಿದ್ದರು. ಈ ಸಾಲುಗಳಿಗೆ ಅಕ್ಕಡಿ ಎಂದು ಹೆಸರು. ೧೮೦೦ನೆಯ ಇಸವಿಯಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ರಾಗಿಯೊಡನೆ ಅವರೆ ತೊಗರಿಗಳನ್ನು ಬಿತ್ತುವ ಕ್ರಮವನ್ನು ತನ್ನ ಗ್ರಂಥದಲ್ಲಿ ವಿವರಿಸಿರುವನು. ಕಳೆ ತೆಗೆಯುವುದಕ್ಕೂ ಯಂತ್ರದಿಂದ ಕೊಯ್ಯುವುದಕ್ಕೂ ಅನುಕೂಲವೆಂದು ಈಚೆಗೆ ಅನೇಕರು ಅಕ್ಕಡಿಯನ್ನು ಬಿಟ್ಟಿದ್ದಾರೆ. ಮಳೆ ಚೆನ್ನಾಗಿ ಬಂದ ವರ್ಷ ಇದರಿಂದ ನಷ್ಟವು ತೋರದು. ಮಳೆ ತಪ್ಪಿದ ವರ್ಷ ಹೊಲವೆಲ್ಲವೂ ಒಂದೇ ಸಲ ಕೈಬಿಡುತ್ತದೆ.

ಮಳೆಯ ಈಗಿನ ಸ್ಥಿತಿ

ಭೂಮಿಯ ವಾಯುಮಂಡಲವು ಕಾಯುತ್ತಿದೆ. ಉಷ್ಣತೆಯು ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ನೂರಕ್ಕೆ ಸುಮಾರು ೭ರಷ್ಟು ಹೆಚ್ಚಾಗಿ ನೀರಾವಿಯನ್ನು ಹಿಡಿಯಬಲ್ಲದು. ಆದುದರಿಂದ ಸುರಿದಾಗ ಒಮ್ಮೆಗೇ ಸುರಿಯುವುದೂ, ನಡುವೆ ಬಹುದಿನ ಬಿಸಿಲು ಕಾಯುವುದೂ ಹೆಚ್ಚುವ ಸಂಭವವುಂಟು. ೨೦೨೧ರ ನವೆಂಬರಿನಲ್ಲಿ ಕೊಯ್ಲಿಗೆ ಬಂದ ರಾಗಿಯು ಅಕಾಲದ ಮಳೆಗೆ ಸಿಕ್ಕಿ ಹೊಲದಲ್ಲಿಯೇ ಮೊಳೆಯಿತು. ೨೦೨೩ರಲ್ಲಿ ಮಳೆ ಹಿಂದೆಗೆದು ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸಾರಲ್ಪಟ್ಟವು. ಎರಡು ವರ್ಷಗಳ ಅಂತರದಲ್ಲಿ ಅತಿವೃಷ್ಟಿ ಅನಾವೃಷ್ಟಿಗಳೆರಡನ್ನೂ ಒಂದೇ ಹೊಲವು ಕಂಡಿತು.

ಅಕ್ಕಡಿಯ ಗುಣ

ರಾಗಿಯ ಬೇರುಗಳು ಮೇಲುಮಣ್ಣಿನಲ್ಲಿ ಹರಡುತ್ತವೆ. ತೊಗರಿ, ಹರಳುಗಳ ತಾಯಿಬೇರು ಆಳಕ್ಕೆ ಇಳಿದು ಅಲ್ಲಿಯ ತೇವವನ್ನು ಹೀರುತ್ತದೆ. ಹಗಲು ಕುಗ್ಗಿದ ಮೇಲೆ ಹೂಬಿಡುವ ನಾಟಿ ಅವರೆಯು ರಾಗಿಯ ಕೊಯ್ಲಾದ ಅನಂತರ ಮಾಗಿಯಲ್ಲಿ ಕಾಯಾಗುತ್ತದೆ. ಹೀಗೆ ತೆನೆ ಕಟ್ಟುವಾಗ ಮಳೆ ತಪ್ಪಿ ರಾಗಿ ಜೊಳ್ಳಾದರೂ, ಮುಂದೆ ಬಂದ ಹಸ್ತ ಚಿತ್ತೆಯ ಮಳೆಯಿಂದ ಅವರೆ ತೊಗರಿಗಳು ಚೇತರಿಸಿಕೊಳ್ಳಬಲ್ಲವು. ರಾಗಿಯ ಬೆಂಕಿರೋಗವು ಇವುಗಳಿಗೆ ತಗಲುವುದಿಲ್ಲ. ದ್ವಿದಳ ಪೈರುಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೂ ಬಲಕೊಡುತ್ತವೆ.

ಬಿತ್ತುವ ಕ್ರಮ

೧. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಅಥವಾ ಎಂಟು ಸಾಲಿಗೆ ಒಂದು ಸಾಲು ಅವರೆ ಹಾಕತಕ್ಕದ್ದು. ಹೊಲದ ಅಂಚಿನಲ್ಲಿ ಹರಳು ಹಾಕಬಹುದು.

೨. ರಾಗಿಯಲ್ಲಿಯೂ ಒಂದೇ ತಳಿಯನ್ನು ನೆಚ್ಚಬಾರದು. ಮಳೆ ಮೊದಲೇ ಹದವಾದರೆ ನಾಲ್ಕು ತಿಂಗಳ ತಳಿಯನ್ನೂ, ತಡವಾಗಿ ಆಶ್ಲೇಷ ಮಳೆಗೆ ಬಿತ್ತುವುದಾದರೆ ಸುಮಾರು ನೂರು ದಿನಗಳಲ್ಲಿ ಮಾಗುವ ತಳಿಯನ್ನೂ ಆರಿಸತಕ್ಕದ್ದು.

೩. ಅದೂ ಮೀರಿದರೆ ಹೊಲವನ್ನು ಬೀಳುಬಿಡದೆ ಹುಬ್ಬೆ ಮಳೆಗೆ ಹುರುಳಿ ಬಿತ್ತತಕ್ಕದ್ದು. ಕಾಳು ಕಡಿಮೆಯಾದರೂ ದನಕರುಗಳಿಗೆ ಮೇವಾಗುವುದು.

ಅಕ್ಕಡಿಯಿಂದ ರಾಗಿಯ ಇಳುವರಿ ಸ್ವಲ್ಪ ತಗ್ಗುವುದೆಂಬ ಆಕ್ಷೇಪಣೆಯು ಸುಳ್ಳಲ್ಲ. ಸಾಲುಗಳು ಕಡಿಮೆಯಾದಷ್ಟೂ ಕಾಳೂ ಕಡಿಮೆ. ಆದರೆ ಅದು ಕೆಟ್ಟ ವರ್ಷಕ್ಕಾಗಿ ಒಳ್ಳೆಯ ವರ್ಷವು ತೆರುವ ಬೆಲೆ. ಬೇಳೆಕಾಳು, ಎಣ್ಣೆಕಾಳುಗಳಿಂದ ಆ ಕೊರತೆಯು ಬಹುಮಟ್ಟಿಗೆ ತುಂಬುತ್ತದೆ.

ಗ್ರಾಮದ ಮುಖ್ಯಸ್ಥರ ಕರ್ತವ್ಯ

ಮಳೆ ಪೂರ್ತಿಯಾಗಿ ತಪ್ಪಿದರೆ ಅಕ್ಕಡಿಯೂ ಉಳಿಸಲಾರದು. ಧಾತು ಈಶ್ವರ ಸಂವತ್ಸರಗಳ ಕ್ಷಾಮವು (೧೮೭೬–೭೮) ಇದಕ್ಕೆ ಸಾಕ್ಷಿ. ೧೮೭೧ರ ಖಾನೆಷುಮಾರಿಯಲ್ಲಿ ೫೦ ಲಕ್ಷಕ್ಕೆ ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಹಸಿದ ಮನೆಯಲ್ಲಿ ಬಿತ್ತನೆಯ ಕಾಳು ಉಳಿಯುವುದು ಕಷ್ಟ. ಆಮೇಲೆ ಮಳೆ ಬಂದರೂ ಹೊಲಕ್ಕೆ ಹಾಕಲು ಬೀಜವಿರುವುದಿಲ್ಲ. ಆದಕಾರಣ ಪ್ರತಿ ಗ್ರಾಮದಲ್ಲಿಯೂ ಮುಖ್ಯಸ್ಥರು ಸೇರಿ ಬೀಜದ ದಾಸ್ತಾನನ್ನು ಇಡತಕ್ಕದ್ದು. ಎಕರೆಗೆ ೫ ಕಿಲೋಗ್ರಾಮಿನಂತೆ ನೂರು ಎಕರೆ ರಾಗಿ ಹೊಲವುಳ್ಳ ಗ್ರಾಮಕ್ಕೆ ೫ ಕ್ವಿಂಟಾಲು ರಾಗಿ ಬೀಜ ಸಾಕು. ಜೊತೆಗೆ ನಾಟಿ ಅವರೆ, ತೊಗರಿ, ಹುರುಳಿಗಳನ್ನು ಚೆನ್ನಾಗಿ ಒಣಗಿಸಿ, ಬೂದಿ ಬೆರೆಸಿ, ಹುಳು ಹಿಡಿಯದಂತೆ ಇಡತಕ್ಕದ್ದು. ಸುಗ್ಗಿಯಲ್ಲಿ ಹಳೆಯ ಬೀಜವನ್ನು ತೆಗೆದು ಹೊಸದನ್ನು ತುಂಬತಕ್ಕದ್ದು. ಈ ಕೆಲಸಕ್ಕೆ ಸುಗ್ಗಿಯೇ ಕಾಲ. ಬರ ಬಂದ ಮೇಲೆ ಬೀಜ ಹುಡುಕಿದರೆ ಫಲವಿಲ್ಲ.