ಹೃದಯ ಕಳಿಸುವ ಸುದ್ದಿ
ಬೀದರ್ ಜಿಲ್ಲೆಯ ಚಿಂತಾಕಿ ಕಡೆಯ ಹಿರಿಯರೇ, ಏದುಸಿರನ್ನೂ ಕಾಲುಬಾವನ್ನೂ ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗಬೇಡಿ; ಅವು ಹೃದಯ ವೈಫಲ್ಯದ ಸೂಚನೆಯಿರಬಹುದು. ಹೃದಯ ರಕ್ತ ನೂಕುವುದಷ್ಟೇ ಅಲ್ಲ. ತನ್ನ ಗೋಡೆ ಹಿಗ್ಗಿದಾಗ ಉಪ್ಪು, ನೀರು ಹೊರಹಾಕುವಂತೆ ಪೆಪ್ಟೈಡ್ ಎಂಬ ಹಾರ್ಮೋನುಗಳ ಮೂಲಕ ಮೂತ್ರಪಿಂಡಕ್ಕೆ ಹೇಳಿಕಳಿಸುತ್ತದೆ. ಇಲಿಯ ಹೃತ್ಕರ್ಣದ ಸಾರಕ್ಕೆ ಈ ಗುಣವಿರುವುದನ್ನು ವಿಜ್ಞಾನಿ ಡಿ ಬೋಲ್ಡ್ 1981ರಲ್ಲಿ ತೋರಿಸಿದರು. 1988ರಲ್ಲಿ ಜಪಾನಿನ ವಿಜ್ಞಾನಿಗಳು ಹಂದಿಯ ಮಿದುಳಿನಲ್ಲಿ ಕಂಡ ಬಿಎನ್‌ಪಿ ಎಂಬ ಇಂಥದೇ ಪೆಪ್ಟೈಡ್ ಮುಖ್ಯವಾಗಿ ಹೃದಯದಿಂದಲೇ ಬರುತ್ತದೆಂದು ಆಮೇಲೆ ತಿಳಿಯಿತು. ಹಠಾತ್ತಾಗಿ ಉಸಿರು ಕಟ್ಟಿದವರ ರಕ್ತದಲ್ಲಿ ಅದು ಮಿಲಿಲೀಟರಿಗೆ 100 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದ ಸಾಧ್ಯತೆ ತೀರ ಕಡಿಮೆ. ವಯಸ್ಸು, ಕಿಡ್ನಿ ರೋಗದಿಂದಲೂ ಅಂಕಿ ಏರುತ್ತದೆ, ಬೊಜ್ಜಿದ್ದರೆ ಇಳಿಯುತ್ತದೆ ಎಂಬ ಆಕ್ಷೇಪ ನಿಜವೇ. ಅದಕ್ಕೇ ವೈದ್ಯರು ಅದನ್ನು ಹೃದಯದ ಎಕೋ ಸ್ಕ್ಯಾನ್ ಜತೆಗಿಟ್ಟು ನೋಡುತ್ತಾರೆ. ಆದರೆ ಎದೆ ಹಿಂಡಿದಾಗ ಬಿಎನ್‌ಪಿ ಪರೀಕ್ಷೆಗೆ ಕಾಯಬೇಡಿ: ಹೃದಯಾಘಾತವನ್ನು ಹಿಡಿದುಕೊಡುವುದು ಇಸಿಜಿ ಮತ್ತು ಟ್ರೊಪೋನಿನ್ ಎಂಬ ರಕ್ತಪರೀಕ್ಷೆ. ಬೀದರ್ ದೂರವಾದರೆ ಮೊದಲು ಔರಾದ್ ಆಸ್ಪತ್ರೆಯಲ್ಲೇ ಇಸಿಜಿ ಮಾಡಿಸಿ.