ಕಾಕಾ ಭಜನೆಗೆ ಯಾಕೆ ಬರಲಿಲ್ಲ?

ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಒಬ್ಬ ಕಾಕಾ ಇದ್ದಾರೆ. ಅವರ ಎರಡೂ ಕಿಡ್ನಿ ಕೆಟ್ಟಿವೆ. ಮಂಗಳವಾರ, ಗುರುವಾರ, ಶನಿವಾರ ಎಸ್‌ಟಿ ಬಸ್ ಹತ್ತಿ ಸೊಲ್ಲಾಪುರಕ್ಕೆ ಹೋಗುತ್ತಾರೆ. ಅಲ್ಲಿ ಡಯಾಲಿಸಿಸ್ ಮಾಡುತ್ತಾರೆ. ಅಂದರೆ ರಕ್ತವನ್ನು ಯಂತ್ರದಲ್ಲಿ ಹಾಯಿಸಿ, ಶುದ್ಧ ಮಾಡಿ, ಮತ್ತೆ ಮೈಗೆ ಬಿಡುತ್ತಾರೆ. ಒಂದು ಸಲಕ್ಕೆ ಸುಮಾರು 4 ತಾಸು ಬೇಕು. ಮನೆಗೆ ಬಂದರೆ ಮೈಯೆಲ್ಲ ಸುಸ್ತು. ಕುಡಿಯುವ ನೀರನ್ನೂ ಅಳೆದು ಕುಡಿಯಬೇಕು. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ!

ಕಾಕಾಗೆ ಭಜನೆ ಅಂದರೆ ಪ್ರಾಣ. ತಾಳ ಹಾಕುವವರು ಅವರೇ. ಎರಡು ತಿಂಗಳಿಂದ ಆ ಕಡೆ ಹೋಗಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ. ಒಂದು ರಾತ್ರಿ ಕಾಕುಗೆ ಹೇಳಿದರು:

"ನಾಳೆ ನಾ ಸೊಲ್ಲಾಪುರಕ್ಕ ಹೋಗಂಗಿಲ್ಲ. ಹೊಲಾ ಮಾಡಾಕ ಆಗವಲ್ದು. ನಿಮಗೆಲ್ಲಾ ಭಾರ ಆಗೀನಿ."

ಕಾಕು ಹೆದರಿದರು. ಡಯಾಲಿಸಿಸ್ ಬಿಟ್ಟರೆ ಮೈಯಲ್ಲಿ ನೀರು, ವಿಷ ತುಂಬುತ್ತದೆ. ಜೀವಕ್ಕೇ ಅಪಾಯ. ಆದರೂ ಬೈಯಲಿಲ್ಲ.

"ಮನಸ್ಸಿಗೆ ಏನ್ ಆಗೇತ್ರಿ? ಹೇಳ್ರಿ, ನಾ ಕೇಳ್ತೀನಿ" ಅಂದರು.

ಮರುದಿನ ಕಾಕು ಜೊತೆಗೇ ಹೋದರು. ಕಾಕಾಗೆ ಸಂತೆ ವ್ಯವಹಾರಕ್ಕೆ ಬೇಕಾದಷ್ಟು ಮರಾಠಿ ಬರುತ್ತದೆ. ಒಳಗಿನ ದುಃಖ ಹೇಳಲು ಆ ಮರಾಠಿ ಸಾಲಲಿಲ್ಲ. ಕಾಕು ಬಿಡಿಸಿ ಹೇಳಿದರು. ಡಾಕ್ಟರು, "ಇದು ಸೋಮಾರಿತನ ಅಲ್ಲ, ಖಿನ್ನತೆ. ಇದಕ್ಕೂ ಚಿಕಿತ್ಸೆ ಇದೆ" ಎಂದರು.

ಖಿನ್ನತೆ ಅಂದರೆ ಮನಸ್ಸು ಕುಗ್ಗುವ ಕಾಯಿಲೆ. ಡಯಾಲಿಸಿಸ್ ಮಾಡಿಸುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಇದು ಬರುತ್ತದೆ. ಗುರುತಿಸುವುದು ಸುಲಭವಲ್ಲ. ಸುಸ್ತು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಕಿಡ್ನಿ ರೋಗದಿಂದಲೂ ಆಗುತ್ತವೆ. ಆದ್ದರಿಂದ ಇನ್ನೊಂದನ್ನು ನೋಡಿರಿ. ಮೊದಲು ಇಷ್ಟವಾದದ್ದು ಈಗ ಬೇಡವಾಗಿದೆಯೇ? ಎರಡು ವಾರ ಹಾಗೇ ಇದ್ದರೆ ಡಾಕ್ಟರಿಗೆ ತಿಳಿಸಿರಿ. "ಬದುಕೋದು ಬ್ಯಾಡ" ಎಂದರೆ ಎರಡು ವಾರ ಕಾಯಬೇಡಿ. ಅವರನ್ನು ಒಬ್ಬರನ್ನೇ ಬಿಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅಂಗಡಿಯಿಂದ ನಿದ್ದೆ ಗುಳಿಗೆ ತಂದು ಕೊಡಬೇಡಿ. ಕಿಡ್ನಿ ಕೆಟ್ಟವರಿಗೆ ಯಾವ ಗುಳಿಗೆ, ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು.

ಸರಕಾರದ ಟೆಲಿ ಮಾನಸ್ ಫೋನ್ ನಂಬರ್ 14416. ಇದು 2022ರಲ್ಲಿ ಶುರುವಾಯಿತು. ಹಗಲೂ ರಾತ್ರಿ ಇರುತ್ತದೆ. ದುಡ್ಡು ಇಲ್ಲ. ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳಬಹುದು.

ಕಾಕಾ ಈಗಲೂ ಕೆಲವು ದಿನ ಸುಮ್ಮನೆ ಮಲಗುತ್ತಾರೆ. ಆದರೆ ಡಯಾಲಿಸಿಸ್ ತಪ್ಪಿಸಿಲ್ಲ. ಹೋದ ಸೋಮವಾರ ಭಜನೆಗೆ ಬಂದರು. ಹಾಡಲಿಲ್ಲ, ತಾಳ ಹಾಕಿದರು.

ಓದಿರಿ, ಬರೆಯಿರಿ: ಕಿಡ್ನಿ, ಯಂತ್ರ, ಚಿಕಿತ್ಸೆ, ಖಿನ್ನತೆ, 14416.