ಥೈರಾಯಿಡ್ ಗ್ರಂಥಿಯ ಗಂಟುಗಳು ಮತ್ತು ಅತಿಸ್ರವಿಕೆ

ಕೊರಳಿನ ಮುಂಭಾಗದಲ್ಲಿ, ಗಂಟಲುಮಣಿಯ ಕೆಳಗೆ, ಚಿಟ್ಟೆಯ ಆಕಾರದ ಥೈರಾಯಿಡ್ ಗ್ರಂಥಿಯು ಶ್ವಾಸನಾಳವನ್ನು ಅಪ್ಪಿಕೊಂಡಿರುತ್ತದೆ. ವಯಸ್ಕರಲ್ಲಿ ಇದರ ತೂಕ ಸುಮಾರು 15ರಿಂದ 20 ಗ್ರಾಂ. ಆಹಾರದಿಂದ ದೊರೆಯುವ ಅಯೋಡಿನನ್ನು ಬಳಸಿಕೊಂಡು ಇದು ಟಿ-4 ಮತ್ತು ಟಿ-3 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಹೃದಯದ ಬಡಿತ, ದೇಹದ ಶಾಖ, ಆಹಾರವು ಶಕ್ತಿಯಾಗಿ ವ್ಯಯವಾಗುವ ವೇಗ ಇವೆಲ್ಲವೂ ಈ ಹಾರ್ಮೋನುಗಳನ್ನು ಅವಲಂಬಿಸಿವೆ. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಮತ್ತೊಂದು ಹಾರ್ಮೋನಿನ ಮೂಲಕ ಥೈರಾಯಿಡನ್ನು ನಿಯಂತ್ರಿಸುತ್ತದೆ. ರಕ್ತದಲ್ಲಿ ಥೈರಾಯಿಡ್ ಹಾರ್ಮೋನು ಕಡಿಮೆಯಾದಾಗ ಟಿ.ಎಸ್.ಎಚ್. ಏರುತ್ತದೆ, ಅಧಿಕವಾದಾಗ ಇಳಿಯುತ್ತದೆ. ವರದಿಯಲ್ಲಿ ಟಿ.ಎಸ್.ಎಚ್. ಕಡಿಮೆ ಎಂದಿದ್ದರೆ ಗ್ರಂಥಿಯು ಮಂದವಾಗಿದೆಯೆಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಅದರ ಅರ್ಥ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾದುದು.

ಈ ಗ್ರಂಥಿಯಲ್ಲಿ ಗಂಟುಗಳು ಉಂಟಾಗುವುದು ಬಹು ಸಾಮಾನ್ಯ. ಅಯೋಡಿನಿನ ಕೊರತೆಯಿಲ್ಲದ ಪ್ರದೇಶಗಳಲ್ಲಿ ಕೂಡ ನೂರು ಸ್ತ್ರೀಯರಲ್ಲಿ ಸುಮಾರು ಐವರಿಗೆ, ನೂರು ಪುರುಷರಲ್ಲಿ ಸುಮಾರು ಒಬ್ಬರಿಗೆ ಕೈಗೆ ಸಿಗುವಂತಹ ಗಂಟು ಇರುತ್ತದೆ. ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿದರೆ ಕಂಡುಬರುವ ಗಂಟುಗಳ ಸಂಖ್ಯೆ ಇದರ ಹಲವು ಪಟ್ಟು. ಗಂಟು ಎಂದೊಡನೆ ಕ್ಯಾನ್ಸರಿನ ಭೀತಿ ಮೂಡುವುದು ಸಹಜವೇ ಆದರೂ, ತಪಾಸಣೆಗೆ ಬರುವ ನೂರು ಗಂಟುಗಳಲ್ಲಿ ಸುಮಾರು 85ರಿಂದ 95 ಗಂಟುಗಳು ಕ್ಯಾನ್ಸರ್ ಅಲ್ಲ. ಹಾಗೆಂದು ತಪಾಸಣೆಯನ್ನು ಮುಂದೂಡಕೂಡದು. ಗಂಟು ಶೀಘ್ರವಾಗಿ ಬೆಳೆಯುತ್ತಿದ್ದರೆ, ದನಿ ಒಡೆದು ಸರಿಹೋಗದಿದ್ದರೆ, ನುಂಗುವುದು ಕಷ್ಟವಾದರೆ, ಬಾಲ್ಯದಲ್ಲಿ ಕೊರಳಿಗೆ ವಿಕಿರಣ ಚಿಕಿತ್ಸೆ ನಡೆದಿದ್ದರೆ ಅಥವಾ ಕುಟುಂಬದಲ್ಲಿ ಥೈರಾಯಿಡ್ ಕ್ಯಾನ್ಸರ್ ಇದ್ದಿದ್ದರೆ ವಿಳಂಬವಿಲ್ಲದೆ ವೈದ್ಯರನ್ನು ಕಾಣತಕ್ಕದ್ದು.

ಗಂಟು ಕಂಡಾಗ ಮೊದಲು ಮಾಡಿಸಬೇಕಾದ ರಕ್ತಪರೀಕ್ಷೆ ಟಿ.ಎಸ್.ಎಚ್. ಮುಂದಿನ ದಾರಿ ಕವಲೊಡೆಯುವುದು ಇಲ್ಲಿಯೇ. ಟಿ.ಎಸ್.ಎಚ್. ಸಹಜವಾಗಿದ್ದರೆ ಅಥವಾ ಏರಿದ್ದರೆ, ಅಲ್ಟ್ರಾಸೌಂಡಿನಲ್ಲಿ ಗಂಟಿನ ಸ್ವರೂಪವನ್ನು ನೋಡಿ, ಅಗತ್ಯವೆನಿಸಿದಲ್ಲಿ ಸೂಕ್ಷ್ಮವಾದ ಸೂಜಿಯಿಂದ ಜೀವಕೋಶಗಳನ್ನು ಹೀರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಟಿ.ಎಸ್.ಎಚ್. ಇಳಿದಿದ್ದರೆ ಸಾಮಾನ್ಯವಾಗಿ ಸೂಜಿಗಿಂತ ಮೊದಲು ಸ್ಕ್ಯಾನ್ ನಡೆಯುತ್ತದೆ. ಅತ್ಯಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ದೇಹಕ್ಕೆ ಕೊಟ್ಟು, ಅದನ್ನು ಗ್ರಂಥಿಯ ಯಾವ ಭಾಗ ಎಷ್ಟು ಹೀರಿಕೊಳ್ಳುತ್ತದೆಂಬುದನ್ನು ನೋಡುತ್ತಾರೆ. ಸುತ್ತಲಿನ ಭಾಗಕ್ಕಿಂತ ಹೆಚ್ಚು ಹೀರಿಕೊಳ್ಳುವ ಗಂಟನ್ನು ‘ಬಿಸಿ’ ಗಂಟೆಂದೂ ಕಡಿಮೆ ಹೀರಿಕೊಳ್ಳುವುದನ್ನು ‘ತಣ್ಣನೆಯ’ ಗಂಟೆಂದೂ ಕರೆಯುವುದು ವಾಡಿಕೆ. ನಮ್ಮಲ್ಲಿ ಈ ಹೆಸರುಗಳನ್ನು ಕೇಳಿದವರಿಗೆ ಉಷ್ಣ ಮತ್ತು ತಂಪಿನ ಆಹಾರಗಳು ನೆನಪಾಗುವುದುಂಟು. ಎಳನೀರಿಗೂ ಮಜ್ಜಿಗೆಗೂ ಬಿಸಿ ಗಂಟಿಗೂ ಯಾವ ಸಂಬಂಧವೂ ಇಲ್ಲ. ಇದು ಗ್ರಂಥಿಯ ಚಟುವಟಿಕೆಯನ್ನು ಸೂಚಿಸುವ ಮಾತು ಮಾತ್ರ. ಬಿಸಿ ಗಂಟು ಕ್ಯಾನ್ಸರ್ ಆಗಿರುವುದು ಅತಿ ವಿರಳವಾದುದರಿಂದ ಅದಕ್ಕೆ ಸೂಜಿ ಪರೀಕ್ಷೆ ಬೇಕಾಗುವುದು ಅಪರೂಪ. ತಣ್ಣನೆಯ ಗಂಟುಗಳಲ್ಲಿ ಕೂಡ ಬಹುಪಾಲು ನಿರಪಾಯಕಾರಿಯಾದವುಗಳೇ.

ಬಿಸಿ ಗಂಟಿನಿಂದ ಒದಗುವ ತೊಂದರೆ ಬೇರೆ ಬಗೆಯದು. ಅದು ಪಿಟ್ಯುಟರಿಯ ಅಂಕೆಯನ್ನು ಮೀರಿ ತಾನಾಗಿಯೇ ಹಾರ್ಮೋನನ್ನು ಸ್ರವಿಸುತ್ತಿರುತ್ತದೆ. ಅತಿಸ್ರವಿಕೆಗೆ ಇನ್ನೊಂದು ಪ್ರಮುಖ ಕಾರಣ, 1835ರಲ್ಲಿ ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ ವಿವರಿಸಿದ ವ್ಯಾಧಿ. ಇದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಇಡೀ ಗ್ರಂಥಿಯನ್ನು ಪ್ರಚೋದಿಸುತ್ತದೆ. ಕಣ್ಣುಗುಡ್ಡೆಗಳು ಮುಂದಕ್ಕೆ ಚಾಚುವುದು ಈ ವ್ಯಾಧಿಯ ಲಕ್ಷಣವೇ ಹೊರತು ಬಿಸಿ ಗಂಟಿನದಲ್ಲ. ಧೂಮಪಾನವು ಈ ಕಣ್ಣಿನ ತೊಂದರೆಯನ್ನು ಉಲ್ಬಣಗೊಳಿಸುತ್ತದೆ.

ಹಸಿವು ಚೆನ್ನಾಗಿದ್ದರೂ ತೂಕ ಇಳಿಯುವುದು, ಎದೆ ಡವಗುಟ್ಟುವುದು, ಕೈ ನಡುಗುವುದು, ಅತಿಯಾಗಿ ಬೆವರುವುದು, ಸೆಕೆಯನ್ನು ಸಹಿಸಲಾಗದಿರುವುದು, ನಿದ್ರಾಹೀನತೆ, ಮುಟ್ಟಿನ ಏರುಪೇರು ಇವು ಅತಿಸ್ರವಿಕೆಯ ಚಿಹ್ನೆಗಳು. ವೃದ್ಧರ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅವಶ್ಯ. ಅವರಲ್ಲಿ ಈ ಚಿಹ್ನೆಗಳು ಎದ್ದು ಕಾಣದೆ, ಕೇವಲ ನಿಶ್ಶಕ್ತಿ, ಕೃಶತೆ ಅಥವಾ ಕ್ರಮ ತಪ್ಪಿದ ನಾಡಿ ತೋರಬಹುದು. ಮನೆಯವರು ಇದನ್ನು ವಯೋಧರ್ಮವೆಂದು ಬಿಟ್ಟುಬಿಡುತ್ತಾರೆ. ಕ್ರಮ ತಪ್ಪಿದ ನಾಡಿಯಿಂದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಸಂಭವಿಸಬಹುದು, ಮೂಳೆಗಳೂ ಸವೆಯುತ್ತವೆ.

ಅಯೋಡಿನಿನ ಬಗ್ಗೆ ಒಂದು ಮಾತು. ಗಳಗಂಡವನ್ನು ತಡೆಗಟ್ಟಲು ಭಾರತದಲ್ಲಿ 1962ರಿಂದ ರಾಷ್ಟ್ರೀಯ ಕಾರ್ಯಕ್ರಮ ನಡೆದುಬಂದಿದೆ. ಗಂಟು ಇದೆಯೆಂಬ ಕಾರಣಕ್ಕೆ ಮನೆಯವರೆಲ್ಲರೂ ಅಯೋಡಿನ್‌ಯುಕ್ತ ಉಪ್ಪನ್ನು ತ್ಯಜಿಸುವ ಅಗತ್ಯವಿಲ್ಲ. ಆದರೆ ಗಂಟುಳ್ಳವರು ಅಯೋಡಿನ್ ಹೇರಳವಾಗಿರುವ ಮಾತ್ರೆ, ಟಾನಿಕ್‌ಗಳನ್ನು ಸ್ವಂತ ನಿರ್ಧಾರದಿಂದ ಸೇವಿಸಕೂಡದು. ಇದರಿಂದ ಅತಿಸ್ರವಿಕೆ ಆರಂಭವಾಗಬಹುದು. ಸಿ.ಟಿ. ಸ್ಕ್ಯಾನಿಗೆ ಮುನ್ನ ಕೊಡುವ ಕೆಲವು ಚುಚ್ಚುಮದ್ದುಗಳಲ್ಲಿಯೂ ಅಯೋಡಿನ್ ಇರುವುದರಿಂದ, ಗಂಟಿರುವ ವಿಷಯವನ್ನು ಅಲ್ಲಿ ಮೊದಲೇ ತಿಳಿಸತಕ್ಕದ್ದು.

ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಮಾತ್ರೆ ಕಾರ್ಬಿಮಜೋಲ್. ಗ್ರಂಥಿಯಲ್ಲಿ ಈಗಾಗಲೇ ಸಂಗ್ರಹವಾಗಿರುವ ಹಾರ್ಮೋನು ಖರ್ಚಾಗಬೇಕಾದುದರಿಂದ ಇದರ ಪೂರ್ಣ ಗುಣ ಕಾಣಲು ಕೆಲವು ವಾರಗಳೇ ಹಿಡಿಯುತ್ತವೆ. ಇದನ್ನು ಸೇವಿಸುವಾಗ ಜ್ವರ ಅಥವಾ ಗಂಟಲುನೋವು ಬಂದರೆ ಮಾತ್ರೆಯನ್ನು ನಿಲ್ಲಿಸಿ, ಅದೇ ದಿನ ವೈದ್ಯರನ್ನು ಕಂಡು ರಕ್ತದ ಬಿಳಿಕಣಗಳನ್ನು ಎಣಿಕೆ ಮಾಡಿಸಬೇಕು. ಬಿಳಿಕಣಗಳು ಹಠಾತ್ತಾಗಿ ಕುಸಿಯುವುದು ವಿರಳವಾದರೂ ಪ್ರಾಣಾಪಾಯಕರ. ಗ್ರೇವ್ಸ್ ವ್ಯಾಧಿಯು ಒಂದರಿಂದ ಒಂದೂವರೆ ವರ್ಷದ ಮಾತ್ರೆಗಳಿಂದ ಕೆಲವರಲ್ಲಿ ಶಮನವಾಗುತ್ತದೆ. ಸುಮಾರು ಅರ್ಧದಷ್ಟು ಜನರಲ್ಲಿ ಮರುಕಳಿಸುತ್ತದೆ. ಬಿಸಿ ಗಂಟು ಮಾತ್ರೆಗಳಿಗೆ ಅಂಕೆಯಲ್ಲಿರುತ್ತದೆ, ಆದರೆ ಗುಣವಾಗುವುದಿಲ್ಲ. ಅದಕ್ಕೆ ಶಾಶ್ವತ ಪರಿಹಾರ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಅಥವಾ ವಿಕಿರಣಶೀಲ ಅಯೋಡಿನ್.

ವಿಕಿರಣಶೀಲ ಅಯೋಡಿನಿನ ಹೆಸರು ಕೇಳಿ ಅಂಜುವವರು ಬಹಳ. 1941ರಲ್ಲಿ ಬಾಸ್ಟನ್ನಿನಲ್ಲಿ ಮೊದಲು ಪ್ರಯೋಗಿಸಲಾದ ಈ ಚಿಕಿತ್ಸೆ ಹೊಸದೇನಲ್ಲ. ಮುಂಬಯಿಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಕಿರಣ ವೈದ್ಯಕೀಯ ಕೇಂದ್ರವು 1963ರಲ್ಲಿಯೇ ಸ್ಥಾಪನೆಗೊಂಡಿತು. ಬಾಯಿಯ ಮೂಲಕ ಕೊಡುವ ಈ ಔಷಧವನ್ನು ಗ್ರಂಥಿಯೇ ಹೀರಿಕೊಳ್ಳುತ್ತದೆ. ಅದರ ವಿಕಿರಣಶಕ್ತಿ ಎಂಟು ದಿನಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಗರ್ಭಿಣಿಯರಿಗೂ ಮೊಲೆಯೂಡಿಸುವ ತಾಯಂದಿರಿಗೂ ಇದು ಸಂಪೂರ್ಣ ನಿಷಿದ್ಧ. ಚಿಕಿತ್ಸೆಯ ತರುವಾಯ ಸ್ತ್ರೀಯರು ಕನಿಷ್ಠ ಆರು ತಿಂಗಳು ಗರ್ಭಧರಿಸಬಾರದು. ವೈದ್ಯರು ಸೂಚಿಸಿದಷ್ಟು ದಿನ ಮಕ್ಕಳು ಮತ್ತು ಗರ್ಭಿಣಿಯರಿಂದ ದೂರ ಮಲಗಬೇಕು. ಮುಂದೆ ಗ್ರಂಥಿಯು ಮಂದವಾಗುವುದು ಅನೇಕರಲ್ಲಿ ಸಂಭವಿಸುತ್ತದೆ. ಆಗ ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ ಸಾಕು. ಆ ಮಂದತೆ ವರ್ಷಗಳ ನಂತರವೂ ತಲೆದೋರಬಹುದಾದುದರಿಂದ ಟಿ.ಎಸ್.ಎಚ್. ಪರೀಕ್ಷೆಯನ್ನು ಜೀವನಪರ್ಯಂತ ಕಾಲಕಾಲಕ್ಕೆ ಮಾಡಿಸುತ್ತಿರಬೇಕು.